ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದವನು

ಇಂಥ ಅನುಭವಗಳನ್ನು ಯಾರಾದರೂ ಹೇಳತೊಡಗಿದರೆ ಚಹಾ ಮಾಡುವ ನೆಪದಲ್ಲಿ ಎದ್ದು ಹೋಗುವ ಜಾತಿಯವನು ನಾನು. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ಜಿನ್ನುಗಳ ಕಥೆಗೆ ಬರವಿರಲಿಲ್ಲ. ಬಾವಿಕಟ್ಟೆಯ ಹತ್ತಿರ ಬೆಳ್ಳಗೆ ಏನೋ ನಿಂತಿದೆ ಎಂದು ಅಜ್ಜಿ ಒಮ್ಮೆ ಹೆದರಿದಾಗ, ನಾನು ಟಾರ್ಚ್ ಹಿಡಿದು ಹೋಗಿ, ಒಣಗಲು ಹಾಕಿ ಮರೆತಿದ್ದ ಲುಂಗಿಯನ್ನು ತಂದು ಅವರ ಮುಂದೆ ಹಾಕಿ ಚೆನ್ನಾಗಿ ಬೈಸಿಕೊಂಡಿದ್ದೆ. ಮುಂದೆ ಹಿಡಿದ ಕೆಲಸವೂ ಅಂಥದ್ದೇ. ರಿಯಾದಿನಲ್ಲಿ ದೊಡ್ಡ ಕಟ್ಟಡಗಳ ಎ.ಸಿ. ಯಂತ್ರಗಳನ್ನು ದುರಸ್ತಿ ಮಾಡಿಸುವುದು. ಯಂತ್ರ ನಿಂತರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಕ್ಕೇ ಸಿಗುತ್ತದೆ ಎಂದು ಇಪ್ಪತ್ತು ವರ್ಷದಿಂದ ನಂಬಿದವನು ನಾನು. ಹಾಗಾಗಿ ಈಗ ಹೇಳಹೊರಟಿರುವುದನ್ನು ನೀವು ನಂಬಲೇಬೇಕೆಂದು ನಾನು ಕೇಳುವುದಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ನನಗೆ ವಿಮಾನದ ಹುಚ್ಚು ಹಿಡಿದದ್ದು ನಲವತ್ತು ದಾಟಿದ ಮೇಲೆ. ರಿಯಾದಿನ ಮಲಾಜ್ ಬಡಾವಣೆಯಲ್ಲಿ ನಮ್ಮ ಮಹಡಿಯವರೆಲ್ಲ ಊರಲ್ಲಿ ಮನೆ ಕಟ್ಟಿಸುತ್ತಿದ್ದಾಗ ನಾನು ಉಳಿಸಿದ್ದನ್ನೆಲ್ಲ ಹಾರುವುದನ್ನು ಕಲಿಯಲು ಸುರಿದೆ. ಕ್ಲಬ್ಬಿಗೆ ಬೇಕಾದ ಪತ್ರಕ್ಕೆ ಸಹಿ ಹಾಕುವಾಗ, ನನ್ನ ವೀಸಾದ ಜವಾಬ್ದಾರಿ ಹೊತ್ತ ಕಫೀಲ್ ಎರಡು ಸಲ ಓದಿ, ಕನ್ನಡಕ ತೆಗೆದು ನನ್ನನ್ನೊಮ್ಮೆ ನೋಡಿದರು. ವೈದ್ಯರ ತಪಾಸಣೆಯೇ ದೊಡ್ಡ ಕಂಟಕವಾಗಿತ್ತು. ಕಾಲೇಜಿನಲ್ಲಿ ಫುಟ್‌ಬಾಲ್ ಆಡುವಾಗ ಮುರಿದ ನನ್ನ ಎಡಮೊಣಕಾಲಿನಲ್ಲಿ ಇನ್ನೂ ಒಂದು ಲೋಹದ ಪಟ್ಟಿ ಇದೆ. ವೈದ್ಯರು ನನ್ನನ್ನು ಕೋಣೆಯುದ್ದಕ್ಕೂ ನಡೆಸಿ ನೋಡಿ, ಎಡಗಾಲನ್ನು ಸ್ವಲ್ಪ ಹೊರಕ್ಕೆ ಎಸೆದು ನಡೆಯುತ್ತೀರಿ, ಆದರೂ ಹಾರಲು ಅಡ್ಡಿಯಿಲ್ಲ ಎಂದು ಬರೆದುಕೊಟ್ಟರು. ಹಾಗೆ ನಡೆಯುತ್ತೇನೆಂದು ನನಗೇ ಗೊತ್ತಿರಲಿಲ್ಲ. ತನ್ನ ನಡಿಗೆಯನ್ನು ತಾನು ಯಾರು ನೋಡಿಕೊಳ್ಳುತ್ತಾರೆ?

ತಬೂಕಿನ ಹೊರಗೆ ದೊಡ್ಡದೊಂದು ಹಣ್ಣಿನ ತೋಟವಿದೆ. ಅದರ ನಡುವೆ ಮಾಲೀಕರು ತಮ್ಮ ಖುಷಿಗೆ ಹುಲ್ಲು ಬೆಳೆಸಿ ಮಾಡಿಸಿದ ರನ್‌ವೇ, ಉದ್ದ ಒಂಬೈನೂರು ಮೀಟರ್. ಮರಳುಗಾಡಿನ ಮೇಲೆ ಗಂಟೆಗಟ್ಟಲೆ ಹಾರಿ ಬಂದವನಿಗೆ ಆ ಹಸಿರು ಪಟ್ಟಿ ಕಂಡರೆ ಎದೆ ಹಿಗ್ಗುತ್ತದೆ. ಪ್ರತಿ ಚಳಿಗಾಲದಲ್ಲೂ ಒಂದು ದಿನ ಅಲ್ಲಿ ಫ್ಲೈ-ಇನ್. ಅಂದರೆ ಸಣ್ಣ ವಿಮಾನದವರೆಲ್ಲ ಬೇರೆ ಬೇರೆ ಊರುಗಳಿಂದ ಹಾರಿ ಬಂದು, ಒಟ್ಟಿಗೆ ಕೂತು ಉಂಡು, ಹರಟೆ ಹೊಡೆದು, ಮರುದಿನ ಹಾರಿ ಹೋಗುವ ಹಬ್ಬ. ಮೊದಲ ವರ್ಷ ನಾನು ಒಬ್ಬನೇ ಹೋಗಿದ್ದೆ. ಅಡ್ಡಗಾಳಿಗೆ ಧೈರ್ಯ ಸಾಲದೆ ಹುಲ್ಲಿನ ಮೇಲೆ ಇಳಿಯದೆ ತಬೂಕ್ ವಿಮಾನ ನಿಲ್ದಾಣಕ್ಕೆ ಹೋಗಿ ಇಳಿದು, ಟ್ಯಾಕ್ಸಿ ಹಿಡಿದು ತೋಟಕ್ಕೆ ಬಂದೆ. ಅಷ್ಟರೊಳಗೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾರೋ ದಾರಿ ತಪ್ಪಿದ ಒಂಟೆಯ ಚಿತ್ರ ಹಾಕಿದ್ದರು. ಮುಂದಿನ ವರ್ಷ ಇದೇ ಹುಲ್ಲಿನ ಮೇಲೆ ಇಳಿಯದಿದ್ದರೆ ನನ್ನ ಹೆಸರೇ ಬೇರೆ ಎಂದು ಅಂದೇ ನಿಶ್ಚಯಿಸಿದೆ.

ಆ ದಿನ ಪರಿಚಯವಾದವರು ಹಮೀದಾಕ. ಉಡುಪಿ ಕಡೆಯವರು, ಅರುವತ್ತು ದಾಟಿದವರು, ತೋಟದ ಮೇಲ್ವಿಚಾರಕರು. ಫ್ಲೈ-ಇನ್ ದಿನ ಬೆಳಿಗ್ಗೆ ಅವರು ಆ ಹುಲ್ಲಿನ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬರಿಗಾಲಲ್ಲಿ ನಡೆಯುತ್ತಿದ್ದರು. ನೀರು ಕುಡಿಸಿ ಬೆಳೆಸಿದ ನೆಲವಲ್ಲವೇ, ಎಲ್ಲಾದರೂ ಹಸಿ ಉಳಿದಿದ್ದರೆ ಗಾಲಿ ಹೂತು ವಿಮಾನ ಮಗುಚಿ ಬೀಳುತ್ತದೆ. "ಕಾಲಿಗೆ ಗೊತ್ತಾಗ್ತದೆ ಮಾರಾಯ, ಬೂಟಿಗೆ ಎಂತ ಗೊತ್ತಾಗುದು?" ಎಂದು ನಕ್ಕಿದ್ದರು.

ಮರುವರ್ಷ ನನ್ನ ಹೆಂಡತಿ ಸಫಿಯಾ ತಾನೂ ಬರುತ್ತೇನೆಂದಳು. ನಾನು ಲೈಸೆನ್ಸ್ ಪಡೆದ ಮೇಲೆ ಒಮ್ಮೆಯೂ ನನ್ನ ಜೊತೆ ವಿಮಾನದಲ್ಲಿ ಕೂತವಳಲ್ಲ. "ನೀವು ಹೋಗಿ ಬರುವವರೆಗೆ ಇಲ್ಲಿ ಕೂತು ತಸ್ಬೀಹ್ ಮಣಿ ಎಣಿಸುದಕ್ಕಿಂತ ಅಲ್ಲೇ ನಿಮ್ಮ ಬಗಲಿಗೆ ಕೂತ್ಕೊಳ್ತೇನೆ," ಎಂದಳು. ಒಮ್ಮೆ ಅವಳು ನಿರ್ಧರಿಸಿದರೆ ಮುಗಿಯಿತು, ಹಟದಲ್ಲಿ ನನಗಿಂತ ಒಂದು ಕೈ ಮೇಲು. ಮಕ್ಕಳಿಬ್ಬರನ್ನೂ ಅಲ್ ಖೋಬರಿನಲ್ಲಿದ್ದ ಅವಳ ತಮ್ಮನ ಮನೆಗೆ ಕಳಿಸಿ, ಫ್ಲೈ-ಇನ್ ದಿನ ಬೆಳಗಿನ ಜಾವದ ಫಜ್ರ್ ನಮಾಜು ಮುಗಿಸಿ ಕ್ಲಬ್ಬಿನ ನಾಲ್ಕು ಸೀಟಿನ ವಿಮಾನದಲ್ಲಿ ಹೊರಟೆವು. ಹಾಯಿಲ್‌ನಲ್ಲಿ ಇಳಿದು ಇಂಧನ ತುಂಬಿಸಿಕೊಂಡು, ತಬೂಕ್ ತಲುಪುವಾಗ ಮಧ್ಯಾಹ್ನ ಎರಡೂವರೆ. ಆಕಾಶ ತೊಳೆದಿಟ್ಟ ಹಾಗಿತ್ತು. ಗಾಳಿ ಹದವಾಗಿ ಪಶ್ಚಿಮದಿಂದ ಬೀಸುತ್ತಿತ್ತು. ಬೆಳಿಗ್ಗೆ ಅದು ಪೂರ್ವದಿಂದ ಇದ್ದುದರಿಂದ ಉಳಿದವರೆಲ್ಲ ಆ ಕಡೆಗೆ ಮುಖಮಾಡಿ ಇಳಿದಾಗಿತ್ತು. ಪೂರ್ವದ ತುದಿಯ ಕಡೆಯಿಂದ ಬಂದು ಇಳಿಯುವವನು ಆ ದಿನಕ್ಕೆ ನಾನೇ ಮೊದಲಿಗ.

ಕೆಳಗಿನಿಂದ ರೇಡಿಯೊದಲ್ಲಿ ಮಾಲೀಕರ ತಮ್ಮ, ರನ್‌ವೇ ಖಾಲಿ ಇದೆ, ಯಲ್ಲಾ, ಬನ್ನಿ ಎಂದರು. ವೇಗ ಇಳಿಸಿ, ನೇರ ಮಾಡಿ ಬಂದೆ. ನೆಲ ಇನ್ನೂರು ಅಡಿ ಕೆಳಗಿರುವಾಗ ನನಗೆ ಅವನು ಕಂಡ. ರನ್‌ವೇಯ ಈಚೆ ತುದಿಯಲ್ಲಿ, ನಾನು ಗಾಲಿ ಊರಬೇಕೆಂದಿದ್ದ ಜಾಗದಲ್ಲೇ, ಒಬ್ಬ ಮನುಷ್ಯ ನಮಗೆ ಬೆನ್ನು ಹಾಕಿ ನಡೆಯುತ್ತಿದ್ದಾನೆ. ತಲೆಗೆ ಕೆಂಪು ಚೌಕಳಿಯ ಬಟ್ಟೆ, ಮೊಣಕಾಲಿನವರೆಗೆ ಮಡಚಿದ ಪ್ಯಾಂಟು, ಕೈಯಲ್ಲಿ ಚಪ್ಪಲಿಯೋ ಬೂಟೋ. ಸ್ವಲ್ಪವೂ ಅವಸರವಿಲ್ಲ.

"ಯಾರೋ ಇದ್ದಾರೆ," ಎಂದೆ.

"ಹೌದು, ಕಾಣ್ತದೆ. ಮೇಲೆ ತೆಗೀರಿ, ಮೇಲೆ ತೆಗೀರಿ!" ಎಂದಳು ಸಫಿಯಾ.

ಎಂಜಿನ್‌ಗೆ ಪೂರ್ತಿ ಶಕ್ತಿ ಕೊಟ್ಟು ಇಳಿಯದೆ ಮೇಲೆತ್ತಿದೆ. ನನ್ನ ಕಣ್ಣು ಎದುರಿನ ಮೀಟರುಗಳ ಮೇಲಿತ್ತು. ಅವಳು ಮಾತ್ರ ಕಿಟಕಿಗೆ ಹಣೆ ಒತ್ತಿ ಕೆಳಗೆ ನೋಡುತ್ತಲೇ ಇದ್ದಳು. ರನ್‌ವೇ ಮೇಲೆ ಜನ ಇದ್ದಾರೆ ಎಂದು ನಾನು ರೇಡಿಯೊದಲ್ಲಿ ರೇಗಿದೆ. ಯಾರೂ ಇಲ್ಲ, ನಾವೆಲ್ಲ ಇಲ್ಲೇ ನಿಂತು ನೋಡುತ್ತಿದ್ದೇವೆ, ಹುಲ್ಲು ಖಾಲಿ ಇದೆ ಎಂಬ ಉತ್ತರ ಬಂತು. ದನಿಯಲ್ಲಿ ಸಣ್ಣ ನಗು ಇತ್ತೆಂದು ನನಗನ್ನಿಸಿತು. ಒಂಟೆಯ ಚಿತ್ರ ಕಣ್ಣ ಮುಂದೆ ಬಂದು ಮೈ ಉರಿಯಿತು.

ಒಂದು ಸುತ್ತು ಹಾಕಿ ಮತ್ತೆ ಬಂದೆ. ಅವನು ಅಲ್ಲೇ ಇದ್ದ. ಈ ಸಲ ಹಿಂದಿಗಿಂತ ಸ್ವಲ್ಪ ಮುಂದೆ ಹೋಗಿದ್ದ, ಅದೇ ನಿಧಾನದಲ್ಲಿ ನಡೆಯುತ್ತಿದ್ದ. ನೂರು ಅಡಿ ಮೇಲೆ ಎಂಜಿನ್ ಮೊರೆಯುತ್ತಿದ್ದರೆ ಯಾವ ಮನುಷ್ಯ ತಲೆ ಎತ್ತದೆ ಇರುತ್ತಾನೆ? ಇವನು ಎತ್ತಲಿಲ್ಲ. ಎರಡನೇ ಸಲವೂ ಮೇಲೆತ್ತಿದೆ. ತಬೂಕ್ ನಿಲ್ದಾಣಕ್ಕೆ ಹೋಗುವಷ್ಟು ಇಂಧನವಿತ್ತು, ಆದರೆ ಈ ವರ್ಷವೂ ಅಲ್ಲಿಗೆ ಹೋಗುವುದೆಂದರೆ ನಾನು ಈ ಆಟವನ್ನೇ ಬಿಟ್ಟಂತೆ. ಮೂರನೇ ಸಲ ಏನೇ ಆಗಲಿ ಇಳಿಸಿಯೇ ಬಿಡುತ್ತೇನೆ ಎಂದುಕೊಂಡೆ. ಮುಚ್ಚಿಡುವುದೇಕೆ, ಅದು ಧೈರ್ಯವಲ್ಲ, ಬರೀ ಸಿಟ್ಟು.

ಮೂರನೇ ಸಲ ಬಂದಾಗ ಹುಲ್ಲು ಖಾಲಿ. ನಾನು ಉಸಿರುಬಿಟ್ಟು ಮೂಗನ್ನು ಕೆಳಗೆ ಮಾಡಿದೆ. ಆಗ ಸಫಿಯಾ ನನ್ನ ತೋಳು ಹಿಡಿದಳು. ವಿಮಾನದ ಓನಾಮ ಗೊತ್ತಿಲ್ಲದ ಅವಳು, ಮನೆಯಲ್ಲಿ ಮಕ್ಕಳಿಗೆ ಹೇಳುವ ದನಿಯಲ್ಲೇ ಹೇಳಿದಳು: "ಅವರು ನಡೆದ ಜಾಗದಲ್ಲಿ ಬೇಡ. ಅದನ್ನು ದಾಟಿ ಆಚೆ ಇಳಿಸಿ. ನಾ ಹೇಳಿದ ಹಾಗೆ ಮಾಡಿ."

ವಾದಿಸಲು ಸಮಯವಿರಲಿಲ್ಲ. ಸ್ವಲ್ಪ ಶಕ್ತಿ ಕೊಟ್ಟು, ಮೊದಲ ಮುನ್ನೂರು ಮೀಟರ್ ಹುಲ್ಲನ್ನು ಹಾರಿಯೇ ದಾಟಿಸಿ, ಆಚೆ ಗಾಲಿ ಊರಿದೆ. ಬ್ರೇಕ್ ಒತ್ತಿ ಒತ್ತಿ, ಕೊನೆಯ ಬೇಲಿಗೆ ನೂರಡಿ ಇರುವಾಗ ನಿಲ್ಲಿಸಿದೆ. ಜನ ಚಪ್ಪಾಳೆ ತಟ್ಟುತ್ತ ಬಂದರು. ನಾನು ಯಾರಿಗೂ ಸಲಾಂ ಕೂಡ ಹೇಳದೆ ಹಮೀದಾಕರನ್ನು ಹುಡುಕಿದೆ. ಅವರ ತಲೆಯ ಮೇಲೆ ಕೆಂಪು ಬಟ್ಟೆ ಇರಲಿಲ್ಲ. ಇಸ್ತ್ರಿ ಹಾಕಿದ ಹೊಸ ಅಂಗಿ, ಮಿರಿಮಿರಿ ಮಿಂಚುವ ಬೂಟು ತೊಟ್ಟಿದ್ದರು.

"ಹಮೀದಾಕ, ಅಲ್ಲಿ ನಡೀತಾ ಇದ್ದದ್ದು ಯಾರು?"

"ಯಾರೂ ಇಲ್ಲ ಮಾರಾಯ. ಊಟಕ್ಕೆ ಕೂತಿದ್ದ ನಾವೆಲ್ಲ ನಿನ್ನ ಎಂಜಿನ್ ಶಬ್ದ ಕೇಳಿ ಎದ್ದು ಬಂದದ್ದು."

"ಹಾಗಾದ್ರೆ ಒಮ್ಮೆ ನನ್ನ ಜೊತೆ ಅಲ್ಲಿಗೆ ಬನ್ನಿ."

ಇಬ್ಬರೂ ಪೂರ್ವದ ತುದಿಗೆ ಹೋದೆವು. ಹುಲ್ಲು ಎಲ್ಲ ಕಡೆಯಂತೆ ಸಮನಾಗಿ, ಹಸಿರಾಗಿ ಇತ್ತು. ಹಮೀದಾಕ ಬೂಟು ಬಿಚ್ಚಿ ಇಪ್ಪತ್ತು ಹೆಜ್ಜೆ ಇಟ್ಟಿರಬಹುದು, ಅವರ ಕಾಲು ಹರಡಿನವರೆಗೆ ಹೂತುಹೋಯಿತು. ಇನ್ನೊಂದು ಹೆಜ್ಜೆ ಇಟ್ಟರು, ಆ ಕಾಲೂ ಹೂತಿತು. ನೆಲದಡಿಯಲ್ಲಿ ನೀರಿನ ಪೈಪಿನ ಜೋಡಣೆ ಬಿಟ್ಟುಕೊಂಡು, ಅಷ್ಟಗಲದ ನೆಲ ಒಳಗೊಳಗೇ ದೋಸೆಹಿಟ್ಟಿನಂತಾಗಿತ್ತು. ನಾನು ಗಾಲಿ ಊರಬೇಕೆಂದಿದ್ದ ಜಾಗ ಅದೇ. ಬೆಳಿಗ್ಗೆ ಇಳಿದವರ ವಿಮಾನಗಳು ಅಲ್ಲಿಗೆ ತಲುಪುವ ಮೊದಲೇ ನಿಂತಿದ್ದವು.

ಹಮೀದಾಕ ಅಲ್ಲೇ ಕುಸಿದು ಕೂತರು. "ದೊಡ್ಡ ದೊಡ್ಡವರು ಬಂದಿದ್ರು ಈ ಸಲ. ಬರಿಗಾಲಲ್ಲಿ ತಿರುಗಬೇಡ, ಮರ್ಯಾದೆಗೆ ಬೂಟು ಹಾಕು ಅಂದ್ರು ಮಾಲೀಕರು. ಬೆಳಿಗ್ಗೆ ಬೂಟಿನಲ್ಲೇ ನಡೆದೆ. ಆಗ ನೆಲ ಇಷ್ಟು ಮೆತ್ತಗಾಗಿರ್ಲಿಲ್ಲ, ಹಸಿ ಬೂಟಿಗೆ ಗೊತ್ತಾಗ್ಲಿಲ್ಲ," ಎಂದರು. ಹದಿನೆಂಟು ವರ್ಷದಲ್ಲಿ ಅದೊಂದೇ ಸಲ ಅಂತೆ. ಅವರ ಕಣ್ಣಲ್ಲಿ ನೀರಿತ್ತು. ನನಗೆ ಖೋಬರಿನಲ್ಲಿದ್ದ ಮಕ್ಕಳ ನೆನಪಾಯಿತು.

ನಿಮಗೆ ಬಂದಿರಬಹುದಾದ ಅನುಮಾನ ನನಗೂ ಬಂತು. ಬಿಸಿಲಿಗೆ ಕಣ್ಣು ಕಟ್ಟಿತೇ? ಆರು ಗಂಟೆ ಹಾರಿದ ಆಯಾಸವೇ? ವಿಮಾನದ ಗಾಜಿನ ಒಳಗೆ ಸಣ್ಣ ಕ್ಯಾಮೆರಾ ಅಂಟಿಸಿದ್ದೆ. ಆ ಸಂಜೆ ಅದನ್ನು ಹಾಕಿ ನೋಡಿದೆವು. "ಯಾರೋ ಇದ್ದಾರೆ" ಎಂಬ ನನ್ನ ಮಾತು ಕೇಳಿಸುತ್ತದೆ. "ಹೌದು, ಕಾಣ್ತದೆ" ಎಂಬ ಅವಳ ಮಾತೂ ಕೇಳಿಸುತ್ತದೆ. ಚಿತ್ರದಲ್ಲಿ ಮಾತ್ರ ಹುಲ್ಲು ಬಿಟ್ಟರೆ ಬೇರೇನೂ ಇಲ್ಲ. ಇಬ್ಬರು ಒಂದೇ ಹೊತ್ತಿಗೆ ಒಂದೇ ಭ್ರಮೆ ಕಾಣುತ್ತಾರೆಯೇ? ಎಷ್ಟು ಸಲ ಹಿಂದೆ ಮುಂದೆ ಓಡಿಸಿ ನೋಡಿದೆನೋ ಲೆಕ್ಕವಿಲ್ಲ. ಸಫಿಯಾ ಒಂದೇ ಸಲ ನೋಡಿ, ಎದ್ದು ಹೋಗಿ ನಮಾಜಿಗೆ ನಿಂತಳು.

ನನ್ನ ಹಟ ಹೇಗಿದೆಯೆಂದರೆ, ಇಷ್ಟಾದ ಮೇಲೂ ಹಾರುವುದನ್ನು ಬಿಡಲಿಲ್ಲ. ಒಂದು ನಿರ್ಧಾರ ಮಾತ್ರ ಮಾಡಿದೆ. ಇನ್ನು ಮುಂದೆ ಆ ಫ್ಲೈ-ಇನ್ ನಡೆಯುವುದಾದರೆ, ಯಾವ ವಿಮಾನವೂ ಬರುವ ಮೊದಲು ಹುಲ್ಲಿನ ಮೇಲೆ ನಾನೇ ನಡೆಯುತ್ತೇನೆ. ಹಮೀದಾಕರ ಮಾತಿನ ಮೇಲೆ ನಂಬಿಕೆ ಹೋಯಿತೆಂದಲ್ಲ. ನನ್ನ ಕಾಲಿಗೇ ಗೊತ್ತಾಗಬೇಕಿತ್ತು.

ಮರುವರ್ಷ ನಾನೂ ಸಫಿಯಾಳೂ ಹಿಂದಿನ ದಿನವೇ ಕಾರಿನಲ್ಲಿ ತೋಟ ತಲುಪಿದೆವು. ಬೆಳಿಗ್ಗೆ ಎಂಟಕ್ಕೆ ಪೂರ್ವದ ತುದಿಯಲ್ಲಿ ಬೂಟು ಬಿಚ್ಚಿ ಕೈಯಲ್ಲಿ ಹಿಡಿದೆ. ಇಬ್ಬನಿಗೆ ನೆನೆಯದಿರಲೆಂದು ಪ್ಯಾಂಟು ಮಡಚಿದೆ. ತಬೂಕಿನ ಚಳಿ ಸಣ್ಣದಲ್ಲ. "ತಲೆಗೆ ಗಾಳಿ ಹೊಡೀತದೆ ಮಾರಾಯ," ಎಂದು ಹಮೀದಾಕ ತಮ್ಮ ಹೆಗಲ ಮೇಲಿದ್ದ ಬಟ್ಟೆಯನ್ನು ನನ್ನ ತಲೆಗೆ ಸುತ್ತಿದರು. ಅದು ಕೆಂಪು ಚೌಕಳಿಯದು. ಆ ಹೊತ್ತಿಗೆ ನನಗೆ ಏನೂ ಹೊಳೆಯಲಿಲ್ಲ ಎಂದರೆ ನೀವು ನಗಬಹುದು. ಅರಬ್ ದೇಶದಲ್ಲಿ ಎರಡು ತಲೆಗೊಂದು ಅಂಥ ಬಟ್ಟೆ ಇರುತ್ತದೆ. ನನ್ನ ಗಮನವೆಲ್ಲ ಅಂಗಾಲಿನಲ್ಲಿತ್ತು.

ಮುನ್ನೂರು ಮೀಟರ್ ನಡೆದು ತಿರುಗಿ ನೋಡಿದರೆ, ಸಫಿಯಾ ಹುಲ್ಲಿನ ಅಂಚಿನಲ್ಲಿ ಕೂತುಬಿಟ್ಟಿದ್ದಳು. ಓಡುತ್ತ ಹೋದೆ. ಮುಖ ಬಿಳಿಚಿಕೊಂಡಿತ್ತು, ಆದರೆ ಹೆದರಿಕೆ ಇರಲಿಲ್ಲ.

"ಎಂತ ಆಯ್ತು?"

"ಹೋದ ವರ್ಷವೇ ನನಗೆ ಗೊತ್ತಾಗಿತ್ತು," ಎಂದಳು. "ನೀವು ಮೀಟರ್ ನೋಡ್ತಾ ಇದ್ರಿ, ನಾನು ಅವರನ್ನು ನೋಡ್ತಾ ಇದ್ದೆ. ಎಡಗಾಲು ಹೊರಗೆ ಎಸೆದು ನಡೀತಾ ಇದ್ರು. ಇಪ್ಪತ್ತೆರಡು ವರ್ಷ ಆ ನಡಿಗೆಯ ಹಿಂದೆ ನಡೆದವಳು ನಾನು. ಹೇಳಿದ್ರೆ ನೀವು ನಗ್ತೀರಿ ಅಂತ ಹೇಳ್ಲಿಲ್ಲ."

ನನಗೆ ನಗು ಬರಲಿಲ್ಲ. ಆಮೇಲೂ ಬಂದಿಲ್ಲ.

ಇದಕ್ಕೆ ನನ್ನಲ್ಲಿ ವಿವರಣೆ ಇಲ್ಲ. ಧರ್ಮಶಾಸ್ತ್ರ ಓದಿದ ಒಬ್ಬ ಆಲಿಮರಿಗೆ ಹೇಳಿದೆ, ಅಲ್ಲಾಹನಿಗೆ ಶುಕ್ರ್ ಹೇಳು, ಹೆಚ್ಚು ಕೆದಕಬೇಡ ಎಂದರು. ಒಬ್ಬ ವೈದ್ಯರಿಗೆ ಹೇಳಿದೆ, ನಿದ್ದೆ ಸರಿಯಾಗಿ ಮಾಡು ಎಂದರು. ಕಾರಣ ಹುಡುಕುವುದೇ ಕಸುಬಾದ ನನಗೆ ಈ ಒಂದು ಯಂತ್ರ ಬಿಚ್ಚಲು ಬಂದಿಲ್ಲ. ಹೆಂಡತಿಯ ಕಣ್ಣು ತಪ್ಪಿರಬಹುದು ಎಂದು ಕೆಲವೊಮ್ಮೆ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅವಳಿಗೆ ಮಾತ್ರ ಹೇಳುವುದಿಲ್ಲ.

ಈಗ ಪ್ರತಿ ವರ್ಷವೂ ನಡೆಯುತ್ತೇನೆ. ಮೊಣಕಾಲು ಮೊದಲಿನಂತಿಲ್ಲ, ಕಳೆದ ಚಳಿಗಾಲದಲ್ಲಿ ಊದಿಕೊಂಡಿತ್ತು. ಬೇರೆ ಯಾರನ್ನಾದರೂ ಕಳಿಸುವ ಎಂದರು ಹಮೀದಾಕ. ನಾನು ಒಪ್ಪಲಿಲ್ಲ. ಹಿಂದಿನಿಂದ ಎಂಜಿನ್ ಶಬ್ದ ಕೇಳುತ್ತದೆಯೇ ಎಂದು ಕಿವಿಗೊಡುತ್ತೇನೆ, ಇದುವರೆಗೆ ಕೇಳಿಲ್ಲ. ಆದರೂ ಆ ಮೊದಲ ಮುನ್ನೂರು ಮೀಟರ್ ಮುಗಿಯುವವರೆಗೆ ಅವಸರ ಮಾಡುವುದಿಲ್ಲ. ಆ ದಿನ ವಿಮಾನದಲ್ಲಿದ್ದ ಸಫಿಯಾಳಿಗೆ ಮೇಲಿನಿಂದ ಕಾಣಬೇಕಲ್ಲ.