ಕಟ್ಟೆ ತುಂಬಬಹುದು

ನಮ್ಮವರ ಕಚೇರಿಯಲ್ಲಿ ಮುಂಗಾರಿಗೆ ಮೊದಲೇ ದೇಶದ ಯಾವ ಭಾಗದಲ್ಲಿ ನೀರು ಮಿಗುತ್ತದೆ, ಎಲ್ಲಿ ಸಾಲದೆ ಬರುತ್ತದೆ ಎಂದು ಅಂದಾಜು ಮಾಡುತ್ತಾರೆ. ಮನೆಯಲ್ಲಿ ಆ ಅಂದಾಜಿಗೆ ಕಾಯುತ್ತಿದ್ದವರು ನಮ್ಮತ್ತೆ ಒಬ್ಬರೇ. ದೇಶದ ರಾಜಧಾನಿಗೆ, ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿಗೆ ಬಂದು ಎಷ್ಟು ವರ್ಷವಾದರೂ ಅವರ ಮನಸ್ಸು ಮಂಡ್ಯದ ಕಡೆಗೇ ಇತ್ತು. ನನಗೆ ಮಗಳು ಹುಟ್ಟಿದಾಗ, ಕನ್ನಂಬಾಡಿ ಕಟ್ಟೆ ತುಂಬಿದ ವರ್ಷ ಕಾವೇರಿಗೆ ಬಾಗಿನ ಕೊಡುವುದಾಗಿ ಹರಕೆ ಹೊತ್ತಿದ್ದರು. ಮಾವ ತೀರಿಕೊಂಡ ಮೇಲೆ ಅವರು ಕೊಡುವಂತಿರಲಿಲ್ಲ. “ಕೊಡೋದು ನಿನ್ನ ಕೈ, ನೋಡೋದು ನನ್ನ ಕಣ್ಣು,” ಎನ್ನುತ್ತಿದ್ದರು.

ಕಾನ್ವೆಂಟಿನಲ್ಲಿ ಓದಿದ ನನಗೆ ಬಾಗಿನದೊಳಗೆ ಏನೇನು ಇಡಬೇಕೆಂದು ಕಲಿಸಿದವರು ಅವರೇ. ಸರೋಜಿನಿ ನಗರದಲ್ಲಿ ಬಿದಿರಿನ ಮೊರ ಕೇಳಿದರೆ ಅಂಗಡಿಯ ಭಯ್ಯಾ, “ಛಠ್ ಪೂಜಾ ಮೇ ಆನಾ, ಆಂಟೀಜಿ,” ಎಂದು ಕಳಿಸಿದ್ದ. ಇಲ್ಲಿ ಮೊರ ಕಾಣುವುದು ಬಿಹಾರದವರ ಆ ಹಬ್ಬಕ್ಕೆ ಮಾತ್ರ.

ಬೇಸಿಗೆ ಬಂತೆಂದರೆ ಅತ್ತೆ ಮಗನನ್ನು ಕೇಳುವರು. “ಈ ಸಲ ತುಂಬುತ್ತೇನೋ?”

“ತುಂಬಬಹುದು ಅಮ್ಮ.”

“ಹೋದ ವರ್ಷಾನೂ ಬಹುದು ಅಂದೆ. ಸರ್ಕಾರ ಸಂಬಳ ಕೊಡೋದು ನಿನ್ನ ಬಹುದುಗೇನಾ?”

“ಖಚಿತ ಹೇಳಿದ್ರೆ ನಾನು ಜ್ಯೋತಿಷಿ ಆಗ್ತೀನಿ.”

ಮಗಳು ಮೊಬೈಲಿನಿಂದ ತಲೆಯೆತ್ತದೆ, “ಅಜ್ಜಿ, ಪಪ್ಪಾ ಪಿಜ್ಜಾಗೂ ಯೆಸ್ ಅನ್ನಲ್ಲ,” ಎಂದಳು.

ಕಳೆದ ಬೇಸಿಗೆಯಲ್ಲಿ ಕಾವೇರಿ ಸೀಮೆಗೆ ಕೊರತೆ ಎಂದು ಅಂದಾಜು ಬಂತು. ತೆಗೆದಿಟ್ಟಿದ್ದ ರೈಲು ಟಿಕೆಟ್ಟುಗಳನ್ನು ಇವರು ರದ್ದು ಮಾಡಿದರು. “ಮುಂದಿನ ವರ್ಷ ಹೋಗಬಹುದು ಅಮ್ಮ.” ಅತ್ತೆ ಸೂಟ್‌ಕೇಸಿನಲ್ಲಿ ಮಡಿಸಿಟ್ಟಿದ್ದ ಸೀರೆಗಳನ್ನು ಒಂದೊಂದಾಗಿ ಬೀರುವಿಗೆ ಸೇರಿಸಿದರು. ನಡುವೆ ಇಟ್ಟಿದ್ದ ನುಸಿ ಗುಳಿಗೆಯೊಂದು ಉರುಳಿ ಮಂಚದಡಿ ಹೋಯಿತು. ಅದನ್ನು ಹುಡುಕುವ ನೆಪದಲ್ಲಿ ಬಹಳ ಹೊತ್ತು ಬಗ್ಗಿಯೇ ಇದ್ದರು.

ಮಳೆಗಾಲದ ನಡುವೆ ಅವರ ಹೃದಯ ಸೋಲತೊಡಗಿತು. ಪಾದಗಳು ಊದಿ ಬೆಳ್ಳಿಯ ಕಾಲುಂಗುರದ ಹಳೆಯ ಗುರುತೂ ಮುಚ್ಚಿಹೋಯಿತು. ವೈದ್ಯರು ನಮ್ಮಿಬ್ಬರನ್ನೂ ವಾರ್ಡಿನ ಹೊರಗೆ ಕರೆದು, ಇನ್ನು ಹೆಚ್ಚು ದಿನ ಇಲ್ಲ, ಪ್ರಯಾಣದ ಯೋಚನೆ ಬಿಡಿ ಎಂದರು. ಒಳಗೆ ಬಂದಾಗ ಅತ್ತೆ ಕೇಳಿದರು. “ಮುಂದಿನ ವರ್ಷ ಕಟ್ಟೆ ನೋಡ್ತೀನೇನೋ?”

“ನೋಡ್ತೀಯ ಅಮ್ಮ. ಖಂಡಿತ ನೋಡ್ತೀಯ. ತುಂಬೇ ತುಂಬುತ್ತೆ.”

ಅತ್ತೆ ಮಗನ ಮುಖವನ್ನೇ ನೋಡಿದರು. ಆಮೇಲೆ ನನ್ನತ್ತ ತಿರುಗಿ, “ಇವನು ಬಹುದು ಅನ್ನಲಿಲ್ಲ. ಹಾಗಾದ್ರೆ ಆಯ್ತು ಬಿಡು,” ಎಂದರು. ಮತ್ತೆ ಕಟ್ಟೆಯ ಮಾತೆತ್ತಲಿಲ್ಲ.

ಅಸ್ಥಿಯನ್ನು ಶ್ರೀರಂಗಪಟ್ಟಣಕ್ಕೆ ಒಯ್ದೆವು. ಬೇಸಿಗೆಯ ಇವರ ಅಂದಾಜು ಸರಿಯಾಗಿತ್ತು. ಹೊಳೆಯಲ್ಲಿ ಬಂಡೆಗಳೇ ಹೆಚ್ಚು, ನೀರು ಪಾದ ಮುಳುಗುವಷ್ಟು. ಪುರೋಹಿತರು ಹರಿವಿದ್ದ ಕಡೆ ಕೈ ತೋರಿಸಿದರು. ಅಲ್ಲಿಯೂ ಬೂದಿ ಕಲ್ಲಿಗೆ ತಡೆದು ನಿಂತಿತು. ಇವರು ಕೂತುಬಿಟ್ಟು, ಬೊಗಸೆಯಲ್ಲಿ ನೀರು ತುಂಬಿ ತುಂಬಿ ಅದನ್ನು ಮೆಲ್ಲಗೆ ಮುಂದಕ್ಕೆ ಕಳಿಸುತ್ತಿದ್ದರು. ನಾನು ದಡದಲ್ಲಿ ಅವರ ಕನ್ನಡಕ ಹಿಡಿದು ನಿಂತಿದ್ದೆ.