ಟಾಲ್ಮನ್ ಕಣಿವೆಯ ಹೊಗೆ ಪೊಲೀಸಮ್ಮ

ಮಾರ್ಚ್ ತಿಂಗಳ ಬೆಳಗು. ಸೂರ್ಯ ಈಗಷ್ಟೇ ಗುಡ್ಡದ ನೆತ್ತಿ ಏರಿದ್ದಾನೆ. ಅಮೆರಿಕದ ವರ್ಮಾಂಟಿನ ಟಾಲ್ಮನ್ ಕಣಿವೆಯಲ್ಲಿ, ಮೊಣಕಾಲುದ್ದದ ಹಿಮದಲ್ಲಿ, ಡೆಲ್ಫಿನ್ ಗ್ಯಾನ್ಯೋ ಬಿಸಿಲಿಗೆ ಬೆನ್ನು ಕೊಟ್ಟು ನಿಂತಿದ್ದಾರೆ. ಕಣ್ಣು ಎದುರು ಹಿತ್ತಿಲಿನ ಗಿಡ್ಡ ಚಿಮಣಿಯ ಮೇಲೆ. ಹದಿನೈದು ಸೆಕೆಂಡಿಗೊಮ್ಮೆ ತಲೆಯೆತ್ತಿ, ಹೊಗೆಯ ಹಿಂದಿನ ಮರಗಳು ನೂರಕ್ಕೆ ಎಷ್ಟು ಪಾಲು ಮರೆಯಾಗಿವೆ ಎಂದು ನೋಡಿ ಒಂದು ಅಂಕಿ ಗೀಚುತ್ತಾರೆ. ಇಪ್ಪತ್ತು. ಇಪ್ಪತ್ತೈದು. ಮತ್ತೆ ಇಪ್ಪತ್ತು. ಆರು ನಿಮಿಷಕ್ಕೆ ಇಪ್ಪತ್ನಾಲ್ಕು ಅಂಕಿ.

"ಆವಿ ಎರಡು ಮಾರು ಹೋಗಿ ಸತ್ತುಹೋಗುತ್ತೆ," ಎನ್ನುತ್ತಾರೆ. "ಹೊಗೆ ಹಂಗಲ್ಲ. ಅದು ಮಲಗೋಕೆ ಜಾಗ ಹುಡುಕುತ್ತೆ."

ಇಲ್ಲಿ ಹಿತ್ತಿಲಿಗೊಂದು ಕಟ್ಟಿಗೆ ಬಾಯ್ಲರ್. ಅದರಲ್ಲಿ ಕಾದ ನೀರು ನೆಲದಡಿಯ ಕೊಳವೆಯಲ್ಲಿ ಹರಿದು ಮನೆಯನ್ನು ಬೆಚ್ಚಗಿಡುತ್ತದೆ. ಹಸಿ ಸೌದೆ, ಬಣ್ಣ ಬಳಿದ ಹಲಗೆ ತುರುಕಿದರೆ ಮಾತ್ರ ಪಕ್ಕದ ಮನೆಯವರ ಎದೆ ಕಟ್ಟುತ್ತದೆ. ಇಂಥ ನೂರಾ ನಲವತ್ತು ಬಾಯ್ಲರುಗಳ ಮೇಲೆ ಸರ್ಕಾರಿ ಹೊಗೆ ತಪಾಸಕಿ, ಐವತ್ತಾರರ ಡೆಲ್ಫಿನ್ ಒಬ್ಬರದೇ ಕಣ್ಣು, ಹತ್ತೊಂಬತ್ತು ಚಳಿಗಾಲಗಳಿಂದ. ನಾಯಿ ಕಚ್ಚಿದ್ದು ನಾಲ್ಕು ಸಲ, ಬಂದೂಕು ತೋರಿಸಿದ್ದು ಒಮ್ಮೆ. ಊರಿನವರು ಇಟ್ಟ ಹೆಸರು 'ಹೊಗೆ ಪೊಲೀಸಮ್ಮ'. "ಮರ ಕಡಿಯೋ ಲೂಸಿಯನ್ನನ ಮಗಳು ಕಟ್ಟಿಗೆ ಸುಡಬೇಡಿ ಅಂತಾಳೆ ಅಂತ ಆಡ್ಕೋತಾರೆ," ಎಂದು ತಾವೇ ನಗುತ್ತಾರೆ.

ಹೋದ ಚಳಿಗಾಲದ ಮಾತು ಬಂದರೆ ಆ ನಗು ನಿಲ್ಲುತ್ತದೆ.

ಜನವರಿಯಲ್ಲಿ ಎಂಬತ್ತೊಂದರ ಐಡೆಲಾ ಪ್ರೌಟಿ ಫೋನ್ ಮಾಡಿದ್ದರು. "ಮಗಳೇ, ದಿನಾ ಬೆಳಿಗ್ಗೆ ಯಾರೋ ನನ್ನ ಎದೆ ಮೇಲೆ ಕೂತಂಗಾಗುತ್ತೆ. ಕಣ್ಣು ಬಿಟ್ರೆ ಕೋಣೆ ತುಂಬಾ ಬೆಳ್ಳಗೆ." ಎರಡು ಸಲ ಆಸ್ಪತ್ರೆಗೆ ಹೋಗಿಬಂದಿದ್ದರು. ಎಲ್ಲರೂ ಬೆರಳು ತೋರಿಸಿದ್ದು ಪಕ್ಕದ ಆರಿನ್ ಸ್ಲೇಟನ್ ಕಡೆಗೆ. ಡೆಲ್ಫಿನ್ ಹೋಗಿ ಅವನ ಬಾಯ್ಲರಿನ ಬಾಗಿಲು ಮುಟ್ಟಿದರು. ಕೈ ಅಂಟಿಕೊಳ್ಳುವಷ್ಟು ತಣ್ಣಗಿತ್ತು.

"ಮೂರು ವರ್ಷ ಆಯ್ತು ಅದು ಕೆಟ್ಟು," ಎಂದ ಆರಿನ್. "ಇನ್ನು ನಾನು ಸಿಗರೇಟು ಸೇದಿದ್ರೂ ನೋಟೀಸ್ ಕೊಡ್ತೀಯೇನಮ್ಮಾ?"

ಮರುದಿನ ಡೆಲ್ಫಿನ್ ಹೊಗೆ ಬರುತ್ತಿದ್ದ ಜಾಡು ಹಿಡಿದು ನಡೆದರು. ಗಾಳಿಯಿಲ್ಲದ ಬೆಳಗು, ಹೊಗೆ ಮೇಲೇಳದೆ ಮೊಣಕಾಲ ಮಟ್ಟದಲ್ಲಿ ತೆವಳುತ್ತಿತ್ತು. ತಮ್ಮ ಪಾದ ತಮಗೇ ಕಾಣುತ್ತಿರಲಿಲ್ಲ. ಹಕ್ಕಿಯ ದನಿ ಕೂಡ ಇಲ್ಲ. ಒಂದು ಮೈಲಿ ಮೇಲೆ, ಎರಡು ವರ್ಷದಿಂದ ಬೀಗ ಬಿದ್ದಿದ್ದ ಕೂಂಬ್ಸ್ ಅವರ ಮನೆಯ ಹಿಂದೆ ಬಾಯ್ಲರೊಂದು ಧಗಧಗ ಉರಿಯುತ್ತಿತ್ತು. ಅಲ್ಲಿಂದ ಮನೆಯ ಗೋಡೆಯವರೆಗೆ ಉದ್ದಕ್ಕೂ ಹಿಮ ಕರಗಿ, ಹಸಿರು ಹುಲ್ಲು ಚಿಗುರಿತ್ತು. ಜನವರಿಯಲ್ಲಿ!

"ನನಗೆ ಗೊತ್ತು, ಕೆಳಗೆ ಬಿಸಿನೀರಿನ ಕೊಳವೆ ಇದೆ ಅಂತ. ಆದ್ರೂ ಅದನ್ನ ತುಳಿಯೋಕೆ ಕಾಲು ಬರಲಿಲ್ಲ," ಎನ್ನುತ್ತಾರೆ ಡೆಲ್ಫಿನ್.

ಸೌದೆ ಹೊತ್ತು ಬಂದವರು ಎಲ್ವಿನ್ ಕೂಂಬ್ಸ್. ಹೆಂಡತಿ ವಿಲ್ಡಾ ತೀರಿಕೊಂಡ ಮೇಲೆ ಆ ಮನೆಯಲ್ಲಿ ಮಲಗಲಾರದೆ, ರಸ್ತೆಯಾಚೆ ಒಲೆಯಿಲ್ಲದ ಹಳೇ ಟ್ರೇಲರ್ ಮನೆಯಲ್ಲಿ ಒಬ್ಬರೇ ಇದ್ದರು. ಬೆರಳ ತುದಿಗಳು ಚಳಿಗೆ ಕಪ್ಪಾಗಿದ್ದವು. ಒಣ ಸೌದೆ ಮುಗಿದು, ಕೊಟ್ಟಿಗೆಯ ಬಣ್ಣದ ಹಲಗೆ ಕಿತ್ತು ಸುಡುತ್ತಿದ್ದರು.

"ಮೆತ್ತಗೆ ಮಾತಾಡು ತಾಯಿ," ಎಂದರು. "ಮಲಗಿದಾಳೆ. ಅವಳಿಗೆ ಚಳಿ ತಡೆಯೋಕಾಗಲ್ಲ."

ಡೆಲ್ಫಿನ್ ಹಿಂಬಾಗಿಲಿನಿಂದ ಒಳಗೆ ಹೋದರು. ಬೇಸಗೆಯಂಥ ಸೆಕೆ. ಮೇಜಿನ ಮೇಲೆ ಕುಂಡದ ಜೆರೇನಿಯಂ ಹೂ ಬಿಟ್ಟಿತ್ತು. ಹಾಸಿದ ಖಾಲಿ ಮಂಚದಲ್ಲಿ, ಒಂದೇ ದಿಂಬಿನ ನಡುವೆ ತಲೆಯಿಟ್ಟಂಥ ತಗ್ಗು.

ಹೊರಬಂದು ಚಿಮಣಿ ನೋಡಿ ಬರೆದ ಇಪ್ಪತ್ನಾಲ್ಕು ಅಂಕಿಯಲ್ಲಿ ಒಂದೂ ಎಂಬತ್ತಕ್ಕಿಂತ ಕೆಳಗಿರಲಿಲ್ಲ. ಬೆಂಕಿ ಆರಿಸಬೇಕೆಂಬ ನೋಟೀಸು ಅಂದೇ ಕೊಡಬಹುದಿತ್ತು. ಕೊಡಲಿಲ್ಲ. ಎಲ್ವಿನ್‌ರನ್ನು ಅವರದೇ ಕಾರಿನಲ್ಲಿ ಕೂರಿಸಿಕೊಂಡು ಐಡೆಲಾ ಮನೆಗೆ ಕರೆದೊಯ್ದರು. ಮುದುಕಿ ಮೂಗಿಗೆ ಆಮ್ಲಜನಕದ ನಳಿಗೆ ಹಾಕಿಕೊಂಡೇ ಬಾಗಿಲು ತೆರೆದರು.

"ಏನೋ ಎಲ್ವಿನ್, ನೀನಾ ನನ್ನ ಎದೆ ಮೇಲೆ ಕೂತಿದ್ದು?" ಎಂದರು. "ವಿಲ್ಡಾ ಕೇಳಿದ್ರೆ ನಿನ್ನ ಕಿವಿ ಹಿಂಡ್ತಿದ್ಲು ಕಣೋ."

ಎಲ್ವಿನ್ ಆ ನಳಿಗೆಯನ್ನೇ ನೋಡಿದರು. ಆಮೇಲೆ, "ಕೊಳವೆ ನೀರು ಇವತ್ತೇ ಖಾಲಿ ಮಾಡ್ತೀನಿ, ಇಲ್ಲಾಂದ್ರೆ ಹೆಪ್ಪುಗಟ್ಟಿ ಒಡೀತದೆ," ಎಂದರು. ಬೆಂಕಿ ಆರುವವರೆಗೆ ಡೆಲ್ಫಿನ್ ಅವರ ಜೊತೆಗೇ ನಿಂತಿದ್ದರು. ನೋಟೀಸು ಬರೆಯುವ ಅಗತ್ಯ ಬೀಳಲಿಲ್ಲ. ಎಲ್ವಿನ್ ಈಗ ಪಟ್ಟಣದಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಐಡೆಲಾ ಈ ಚಳಿಗಾಲ ಆಸ್ಪತ್ರೆಯ ಮೆಟ್ಟಿಲು ಹತ್ತಿಲ್ಲ.

ಡೆಲ್ಫಿನ್ ಮಾತ್ರ ವಾರಕ್ಕೊಮ್ಮೆ ಕೂಂಬ್ಸ್ ಅವರ ಆ ಮನೆಯ ಮುಂದೆ ಹಾದುಹೋಗುತ್ತಾರೆ. ಹೋದ ಮಂಗಳವಾರ ಬೆಳಿಗ್ಗೆ ಕಾರು ನಿಲ್ಲಿಸಿದ್ದರಂತೆ. ಬಾಗಿಲಿಗೆ ಬೀಗ, ಅಂಗಳದಲ್ಲಿ ಹೆಜ್ಜೆ ಮೂಡದ ಹಿಮ. ಮಲಗುವ ಕೋಣೆಯ ಕಿಟಕಿಯ ಗಾಜಿಗೆ ಒಳಗಿನಿಂದ ಮಂಜು ಕವಿದಿತ್ತು, ಯಾರೋ ಹತ್ತಿರ ನಿಂತು ಉಸಿರು ಬಿಟ್ಟ ಹಾಗೆ.

"ಹೋಗಿ ನೋಡಲಿಲ್ಲವೇ?" ಎಂದು ಕೇಳಿದರೆ ಕೈಗವಸು ಸರಿಮಾಡಿಕೊಳ್ಳುತ್ತಾರೆ.

"ನನ್ನ ಕೆಲಸ ಚಿಮಣಿ ನೋಡೋದು, ಕಿಟಕಿ ಅಲ್ಲ. ಆರು ನಿಮಿಷ ನಿಂತೆ. ಇಪ್ಪತ್ನಾಲ್ಕು ಸೊನ್ನೆ ಬರೆದೆ. ಹತ್ತೊಂಬತ್ತು ವರ್ಷದಲ್ಲಿ ಅಷ್ಟು ಚೆಂದದ ಹಾಳೆ ನಾನು ಬರೆದಿಲ್ಲ."