ಕೊಬ್ಬರಿ ಅಟ್ಟದ ಕೆಳಗೆ ಜಾಝ್

ಅಟ್ಟ ನಿಜಕ್ಕೂ ಲಟಕ್ಕೆಂದಿತೋ ಇಲ್ಲವೋ, ತಿಪಟೂರಿನ ಬಸ್ಸಿನಲ್ಲಿ ಇದನ್ನು ಗೀಚುತ್ತಿರುವ ನನಗೆ ಖಾತ್ರಿಯಿಲ್ಲ. ಬಿಳಿಗೆರೆಯ ಗೆಳೆಯ ರುದ್ರೇಶ ಜಾಝ್ ಕೇಳುವುದು ಕೊಬ್ಬರಿ ಅಟ್ಟದ ಕೆಳಗೆ ಕೂತು. ವರ್ಷದಿಂದ ಒಣಗುತ್ತಿರುವ ಸಾವಿರಾರು ತೆಂಗಿನಕಾಯಿ ನಮ್ಮ ತಲೆಯ ಮೇಲಿದ್ದವು. ನಾನು ಒಯ್ದ ಆಲ್ಬಂ ಹಾಕಿ ಅವನು ದನಿ ಏರಿಸಿದ. ಬಾಸ್ ಗಿಟಾರ್ ಗುಮ್ಮೆಂದಾಗಲೆಲ್ಲ ಚಿಪ್ಪಿನೊಳಗೆ ಕೊಬ್ಬರಿ ಗುಡುಗುಡು ಅಲುಗಿದಂತಾಯಿತು. ಆಮೇಲೆ ತೊಲೆಯ ಕಡೆಯಿಂದ ಲಟಕ್ಕೆಂಬ ಸದ್ದು.

“ಆಚೆ ಬಾರೋ, ಅಟ್ಟ ಬೀಳುತ್ತೆ!” ಎಂದೆ.

“ಡ್ರಮ್ಮು ಕಣ್ಲಾ ಅದು. ಇಷ್ಟು ಓದಿದೋನು ಹಿಂಗಾ ಹೆದ್ರೋದು? ಆಲ್ಬಂ ಇಲ್ಲೇ ಇರ್ಲಿ ಬುಡು, ದಿನಾ ಕೇಳ್ತೀನಿ.”

ಕೊಟ್ಟು ಬಂದೆ.

ಮನೆಗೆ ಬಂದ ಮೇಲೆ ಸೇರಿಸಿದ್ದು: ಅದೇ ಆಲ್ಬಮನ್ನು ಫೋನಿನಲ್ಲಿ ಹುಡುಕಿ ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಆ ಸದ್ದು ಅದರಲ್ಲಿ ಎಲ್ಲೂ ಇಲ್ಲ.